ನಿಮ್ಮ ಲೇಖನ ಮೂರನೇ ಪುಟದಿಂದ ಶುರುವಾಗಲಿ

ನಮಸ್ಕಾರ,

ಅಲ್ಪಮತದ ಸರ್ಕಾರಗಳ ಬಗ್ಗೆ, ಅಂದರೆ ಸದನದಲ್ಲಿ ಅರ್ಧದಷ್ಟೂ ಶಾಸಕರಿಲ್ಲದೆ ಹೊರಗಿನವರ ಬೆಂಬಲದಿಂದ ನಡೆಯುವ ಸರ್ಕಾರಗಳ ಬಗ್ಗೆ, ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಪ್ರಜಾಪ್ರಭುತ್ವ ಅಂದರೇನು ಅಂತ ನಮ್ಮ ಓದುಗರಿಗೆ ಗೊತ್ತು.

2018ರ ಕುಮಾರಸ್ವಾಮಿ ಸರ್ಕಾರವನ್ನು ಅಲ್ಪಮತದ ಸರ್ಕಾರ ಅಂದಿದ್ದೀರಿ. ಅದು ತಪ್ಪು. ಅದು ಸಮ್ಮಿಶ್ರ ಸರ್ಕಾರ. ಕಾಂಗ್ರೆಸ್ಸಿನವರೂ ಮಂತ್ರಿಗಳಾಗಿದ್ದರು, ಬಹುಮತವೂ ಇತ್ತು. ಶಾಸಕರು ರಾಜೀನಾಮೆ ಕೊಟ್ಟು ಸದನಕ್ಕೆ ಬಾರದೆ ಹೋದ ಮೇಲೆ 2019ರ ಜುಲೈನಲ್ಲಿ ವಿಶ್ವಾಸಮತದಲ್ಲಿ 99–105ರಿಂದ ಸೋತು ಬಿತ್ತು.

ನಿಮಗೆ ಬೇಕಾದ ಉದಾಹರಣೆ 1983ರದ್ದು. 224ರ ಸದನದಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ಇದ್ದದ್ದು 95. ಬಿಜೆಪಿಯ 18, ಎರಡು ಕಮ್ಯುನಿಸ್ಟ್ ಪಕ್ಷಗಳ 6 ಶಾಸಕರು ಹೊರಗಿನಿಂದ ಬೆಂಬಲ ಕೊಟ್ಟರು, ಸಂಪುಟಕ್ಕೆ ಸೇರಲಿಲ್ಲ. ಬಿಜೆಪಿಯವರೂ ಕಮ್ಯುನಿಸ್ಟರೂ ಸೇರಿ ಒಂದೇ ಸರ್ಕಾರವನ್ನು ಹಿಡಿದು ನಿಲ್ಲಿಸಿದ್ದರು ಅಂದರೆ ಈಗಿನವರು ನಂಬುವುದೇ ಕಷ್ಟ, ಅಲ್ವಾ? ಕಾಂಗ್ರೆಸ್ ಮತ್ತೆ ಬರಬಾರದು ಅನ್ನುವುದೊಂದೇ ಅವರನ್ನು ಜೊತೆಗಿಟ್ಟಿತ್ತು. ಇಂಥ ಸರ್ಕಾರಕ್ಕೆ ಪ್ರತಿ ಬಜೆಟ್ಟಿಗೂ ಪ್ರತಿ ಮಸೂದೆಗೂ ತಲೆ ಎಣಿಸುವ ಕೆಲಸ ಇರುತ್ತದೆ. ಮೊದಲೇ ಹೊರಗಿನವರ ಜೊತೆ ಮಾತಾಡಬೇಕು. ಅವರಿಗೂ ಒಂದು ಭಯ ಇರುತ್ತದೆ: ಸರ್ಕಾರ ಬಿದ್ದರೆ ಚುನಾವಣೆ, ಗೆಲ್ಲುತ್ತೇವೆ ಅನ್ನುವ ಖಾತ್ರಿ ಇಲ್ಲ. ಈ ಎಳೆದಾಟ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

"ಇಂಥ ಸರ್ಕಾರಗಳು ದಿನ ದೂಡುತ್ತವೆ ಅಷ್ಟೇ" ಅಂತಲೂ ಬರೆದಿದ್ದೀರಿ. ಜಿಲ್ಲೆಯ ಅಧಿಕಾರವನ್ನು ಚುನಾಯಿತರ ಕೈಗೆ ಕೊಟ್ಟ, ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟ 1983ರ ಪಂಚಾಯಿತಿ ಕಾಯ್ದೆ ಇದೇ ಅಲ್ಪಮತದ ಸರ್ಕಾರದ್ದು. ಅದನ್ನು ತಂದ ಮಂತ್ರಿ ಅಬ್ದುಲ್ ನಜೀರ್ ಸಾಬ್, ಹಳ್ಳಿಗಳಿಗೆ ಬೋರ್‌ವೆಲ್ ಕೊಡಿಸಿ ನೀರ್‌ಸಾಬ್ ಅನ್ನಿಸಿಕೊಂಡವರು. ರಾಷ್ಟ್ರಪತಿ ಅಂಕಿತ ಬಿದ್ದದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರಲ್ಲಿ.

ಈಗ ನಿಮ್ಮ ಮೂರನೇ ಪುಟ ತೆಗೆಯಿರಿ. "ನಮ್ಮ ಅಜ್ಜಿ 1987ರಲ್ಲಿ ಮಂಡಲ ಪಂಚಾಯಿತಿ ಸದಸ್ಯೆಯಾಗಿದ್ದರು" ಅಂತ ಒಂದೇ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ! ಅಜ್ಜಿ ಗೆದ್ದ ಆ ಚುನಾವಣೆ ನಡೆದದ್ದೇ ಈ ಕಾಯ್ದೆಯ ಕೆಳಗೆ, 95 ಜನರ ಸರ್ಕಾರ ಬರೆದ ಕಾಯ್ದೆ. ಇದನ್ನು ನೀವೇ ಗಮನಿಸಿಲ್ಲ. ಅಜ್ಜಿಯ ಹತ್ತಿರ ಕೂತು ಕೇಳಿ. ನಿಲ್ಲಿ ಅಂತ ಹೇಳಿದ್ದು ಯಾರು? ಮನೆಯ ಗಂಡಸರು ಏನಂದರು? ಮೊದಲ ಸಭೆಯಲ್ಲಿ ಎಲ್ಲಿ ಕೂತರು, ಮಾತಾಡಿದರಾ?

ಆ ಸರ್ಕಾರ ಮುಗಿದ ಬಗೆಯನ್ನೂ ಬಿಡಬೇಡಿ. 1984ರ ಲೋಕಸಭೆಯಲ್ಲಿ ಕಾಂಗ್ರೆಸ್ 28ರಲ್ಲಿ 24 ಗೆದ್ದಾಗ ಹೆಗಡೆ ರಾಜೀನಾಮೆ ಕೊಟ್ಟು ಚುನಾವಣೆಗೆ ಹೋದರು. 1985ರ ಮಾರ್ಚ್‌ನಲ್ಲಿ 139 ಸ್ಥಾನ ಗೆದ್ದು ವಾಪಸ್ ಬಂದರು.

ಸಾವಿರ ಪದ ಸಾಕು, ಜಾಸ್ತಿ ಬೇಡ. ಮುಂದಿನ ತಿಂಗಳ ಹತ್ತರೊಳಗೆ ಕಳಿಸಿ. ಅಜ್ಜಿಯ ಹೆಸರು, ಫೋಟೋ ಹಾಕಬಹುದಾ ಅಂತ ಅವರನ್ನೇ ಕೇಳಿ ತಿಳಿಸಿ.