ಅಯಸ್ಕಾಂತದ ಕುರ್ಚಿಗೆ ಮೂವತ್ತು ದಿನ: ಶಿರಸಿ ಕಡೆಯ ಒಂದು ಪ್ರಕರಣ

ಶಿರಸಿ ತಾಲೂಕಿನ ಅಡಿಕೆ ಬೆಳೆಗಾರ, ವಯಸ್ಸು ನಲವತ್ತೈದರ ಆಸುಪಾಸು. ಗುರುತು ಹತ್ತದಿರಲೆಂದು ಮನೆಯ ವಿವರಗಳನ್ನು ಬದಲಿಸಿದೆ. ಸತತ ಎರಡು ಮಳೆಗಾಲ ಕೊಳೆ ರೋಗ ಬಂದು ಬೆಳೆ ಅರ್ಧಕ್ಕಿಳಿದ ಮೇಲೆ ಶುರುವಾದದ್ದು: ಬೆಳಗಿನ ಜಾವ ಮೂರಕ್ಕೇ ಎಚ್ಚರ, ಎದೆ ಡವಡವ, ತೋಟಕ್ಕೆ ಇಳಿಯಲು ಮನಸ್ಸಿಲ್ಲ, ಬಂದವರ ಮುಂದೆ ಎಲೆಯಡಿಕೆಯ ಕವಳದ ಹರಿವಾಣ ಇಡುವಷ್ಟೂ ಉಮೇದಿಲ್ಲ. ಸೆಪ್ಟೆಂಬರಿನಲ್ಲಿ ಹೆಂಡತಿಯ ಜೊತೆ ನಮ್ಮ ಬಳಿ ಸಲಹೆಗೆ ಬಂದಾಗ ಖಿನ್ನತೆ ಅಳೆಯುವ ಪಿಎಚ್‌ಕ್ಯು-9 ಅಂಕ 27ಕ್ಕೆ 21, ಆತಂಕದ ಜಿಎಡಿ-7 ಅಂಕ 21ಕ್ಕೆ 16. ಎರಡೂ ತೀವ್ರ ಎನ್ನುವ ಮಟ್ಟವೇ.

"ಮೂರು ಮಾತ್ರೆ ಆಯ್ತು, ಯಾವುದೂ ನಾಟಲಿಲ್ಲ. ಹುಬ್ಬಳ್ಳಿಯಲ್ಲಿ ತಲೆಗೆ ಮ್ಯಾಗ್ನೆಟ್ ಇಟ್ಟು ಗುಣ ಮಾಡ್ತಾರಂತೆ. ಮಾತ್ರೆ ಎಲ್ಲ ಬಿಟ್ಟು ಅದಕ್ಕೇ ಹೋಗ್ತೇನೆ" ಎಂದರು.

ಅದಕ್ಕೂ ಮೊದಲು ಕೇಳಬೇಕಾದದ್ದನ್ನು ನೇರವಾಗಿ ಕೇಳಲಾಯಿತು: ಸಾಯಬೇಕು ಅನ್ನಿಸುತ್ತದೆಯೇ, ಹೇಗೆಂದು ಯೋಚಿಸಿದ್ದಿದೆಯೇ? ಬದುಕಿ ಏನು ಪ್ರಯೋಜನ ಅನ್ನಿಸುವುದುಂಟು, ಆದರೆ ಏನೂ ಮಾಡಿಕೊಳ್ಳುವ ಯೋಚನೆ ಇಲ್ಲ ಎಂದರು. ಈ ಉತ್ತರದ ಮೇಲೇ ದಾರಿ ಬೇರೆಯಾಗುತ್ತದೆ. ಅವರು ಹೇಳಿದ ಮ್ಯಾಗ್ನೆಟ್ ಚಿಕಿತ್ಸೆ, ಅಂದರೆ ತಲೆಗೆ ಕಾಂತದ ಮಿಡಿತ ಕೊಡುವ ಟಿಎಂಎಸ್, ನಿಧಾನದ್ದು. ಫಲ ಕಾಣಲು ಎರಡು ಮೂರು ವಾರ ಬೇಕು. ಸಾಯುವ ಸಿದ್ಧತೆ ನಡೆಸಿದವರಿಗೆ, ಊಟ ನೀರು ಬಿಟ್ಟವರಿಗೆ, ಇಲ್ಲದ ದನಿ ಕೇಳಿಸುವವರಿಗೆ ಅಷ್ಟು ದಿನ ಕಾಯುವ ಹಾಗಿಲ್ಲ. ಅಂಥವರನ್ನು ಆಸ್ಪತ್ರೆಗೆ ಸೇರಿಸಬೇಕು, ಮೆದುಳಿಗೆ ವಿದ್ಯುತ್ ಹಾಯಿಸುವ ಇಸಿಟಿ ಚಿಕಿತ್ಸೆಯ ಬಗ್ಗೆ ಮಾತಾಡಬೇಕು. ಇವರ ವಿಷಯದಲ್ಲಿ ತೋಟದ ಔಷಧಿಗಳ ಕೋಣೆಗೆ ಬೀಗ ಹಾಕಿ ಕೀಲಿ ಹೆಂಡತಿಯ ಹತ್ತಿರ ಇರಲಿ ಎಂದು ಹೇಳಿ, ರಾತ್ರಿ ಹಗಲೆನ್ನದೆ ಕನ್ನಡದಲ್ಲೂ ಮಾತಾಡಬಹುದಾದ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ನ್ನು ಇಬ್ಬರ ಮೊಬೈಲಿಗೂ ಹಾಕಿಸಲಾಯಿತು.

ಆಮೇಲೆ ಔಷಧಿ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದೆವು. ಮೊದಲ ಮಾತ್ರೆ ಎಸಿಟಾಲೊಪ್ರಾಮ್ 10 ಮಿ.ಗ್ರಾಂ., ಮೂರೇ ವಾರಕ್ಕೆ ಹೊಟ್ಟೆ ತೊಳಸುತ್ತದೆಂದು ತಾವೇ ಬಿಟ್ಟಿದ್ದಾರೆ. ಎರಡನೆಯದು ಸರ್ಟ್ರಲಿನ್ 50, ಪ್ರಮಾಣ ಏರಿಸುವ ಮೊದಲೇ ವೈದ್ಯರ ಬಳಿ ಹೋಗುವುದು ನಿಂತಿದೆ. ಮೂರನೆಯದು ವೆನ್ಲಾಫ್ಯಾಕ್ಸಿನ್ 150, ಹತ್ತು ವಾರ ಸರಿಯಾಗಿ ತೆಗೆದುಕೊಂಡಿದ್ದಾರೆ. ತಕ್ಕ ಪ್ರಮಾಣದಲ್ಲಿ ಆರರಿಂದ ಎಂಟು ವಾರ ತೆಗೆದುಕೊಂಡರಷ್ಟೇ ಒಂದು ಮಾತ್ರೆಗೆ ನ್ಯಾಯವಾದ ಅವಕಾಶ ಕೊಟ್ಟಂತೆ. ಹಾಗೆ ನೋಡಿದರೆ ಸೋತದ್ದು ಮೂರಲ್ಲ, ಒಂದು. ಟಿಎಂಎಸ್ ಕೇಳಲು ಅಷ್ಟು ಸಾಕು; 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಮೊದಲು ಒಪ್ಪಿಗೆ ಕೊಟ್ಟದ್ದೂ ಒಂದು ಮಾತ್ರೆಯಿಂದ ಗುಣ ಕಾಣದ ಖಿನ್ನತೆಗೇ. ಆದರೆ "ನನಗೆ ಯಾವ ಮಾತ್ರೆಯೂ ಆಗಿಬರದು" ಎಂದು ಅವರು ಎರಡು ವರ್ಷದಿಂದ ಹೊತ್ತು ತಿರುಗುತ್ತಿದ್ದ ಮಾತು ಆ ಮೇಜಿನ ಮೇಲೆ ಸ್ವಲ್ಪ ಹಗುರಾಯಿತು.

ವೆನ್ಲಾಫ್ಯಾಕ್ಸಿನ್ ಒಮ್ಮೆಲೇ ಬಿಟ್ಟರೆ ತಲೆಸುತ್ತು, ವಾಕರಿಕೆ, ತಲೆಯೊಳಗೆ ಮಿಂಚು ಹೊಡೆದಂಥ ಅನುಭವ ಬರುತ್ತದೆ. ಅದನ್ನೇ ರೋಗ ಹೆಚ್ಚಾಯಿತೆಂದು ತಿಳಿಯುವವರು ಬಹಳ. ಅದಕ್ಕಿಂತ ಮುಖ್ಯವಾದ ಮಾತು ಚೀಟಿಯಲ್ಲಿ ಇರಲೇ ಇಲ್ಲ. ನಿದ್ರೆಗೆಂದು ಒಂದೂವರೆ ವರ್ಷದಿಂದ ದಿನಕ್ಕೆ 0.5 ಮಿ.ಗ್ರಾಂ. ಕ್ಲೋನಜೆಪಾಮ್ ನುಂಗುತ್ತಿದ್ದರು. ಈ ಜಾತಿಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ಟಿಎಂಎಸ್‌ನ ಫಲ ಕಡಿಮೆ ಎಂದು ಹಲವು ಅಧ್ಯಯನಗಳು ಕಂಡಿವೆ. ಹಾಗೆಂದು ಹಠಾತ್ ನಿಲ್ಲಿಸಿದರೆ ಫಿಟ್ಸ್ ಬರುವ ಸಂಭವ ಏರುತ್ತದೆ, ಟಿಎಂಎಸ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ತಪ್ಪಿಸಬೇಕಾದದ್ದು ಅದನ್ನೇ. ಆದ್ದರಿಂದ ಸಲಹೆ ಹೀಗಿತ್ತು: ಯಾವುದನ್ನೂ ಬಿಡಬೇಡಿ, ಯಾವುದನ್ನೂ ಮುಚ್ಚಿಡಬೇಡಿ. ಮನೋವೈದ್ಯರು ಹೇಳಿದ ಲೆಕ್ಕದಲ್ಲೇ ಇಳಿಸಿ. ಚಿಕಿತ್ಸೆಯ ನಡುವೆ ಮಾತ್ರೆ ಬದಲಾದರೆ ಅದೇ ದಿನ ಕೇಂದ್ರಕ್ಕೆ ತಿಳಿಸಿ, ಯಂತ್ರದ ಬಲವನ್ನು ಮತ್ತೆ ಅಳೆಯಬೇಕಾಗುತ್ತದೆ.

ಹೆಂಡತಿಯ ಪ್ರಶ್ನೆ ಬೇರೆಯಿತ್ತು: ಇದು ಕರೆಂಟ್ ಕೊಡುವುದೇ? ಅಲ್ಲ. ಇಸಿಟಿಯಲ್ಲಿ ಅರಿವಳಿಕೆ ಕೊಟ್ಟು ಬೇಕೆಂದೇ ಫಿಟ್ಸ್ ತರಿಸುತ್ತಾರೆ. ಇಲ್ಲಿ ಅರಿವಳಿಕೆ ಇಲ್ಲ, ರೋಗಿ ಎಚ್ಚರವಾಗಿಯೇ ಕುರ್ಚಿಯಲ್ಲಿ ಕೂತಿರುತ್ತಾನೆ, ನೆನಪಿಗೆ ಧಕ್ಕೆಯಿಲ್ಲ. ಎಂಟರ ಆಕಾರದ ತಂತಿಸುರುಳಿಯಲ್ಲಿ ಕ್ಷಣಮಾತ್ರ ಭಾರೀ ವಿದ್ಯುತ್ ಹರಿದು ನಿಲ್ಲುತ್ತದೆ. ಹೀಗೆ ಹುಟ್ಟಿ ಅಳಿಯುವ ಕಾಂತಕ್ಷೇತ್ರ ತಲೆಬುರುಡೆ ದಾಟಿ ಎರಡು ಮೂರು ಸೆಂ.ಮೀ. ಆಳದವರೆಗಿನ ನರಕೋಶಗಳಲ್ಲಿ ಸಣ್ಣ ವಿದ್ಯುತ್ ಹುಟ್ಟಿಸುತ್ತದೆ. ಸುಮ್ಮನೆ ಇಟ್ಟ ಅಯಸ್ಕಾಂತ ಹೀಗೆ ಮಾಡಲಾರದು. ಮ್ಯಾಗ್ನೆಟ್ ಬಳೆ, ಮ್ಯಾಗ್ನೆಟ್ ಹಾಸಿಗೆಗೆ ದುಡ್ಡು ಹಾಕಬೇಡಿ ಎಂದು ಹೇಳಬೇಕಾಯಿತು, ಏಕೆಂದರೆ ಹಾಸಿಗೆಯೊಂದು ಆಗಲೇ ಮನೆಗೆ ಬಂದಿತ್ತು.

ಕೇಂದ್ರಕ್ಕೆ ತಪ್ಪದೆ ತಿಳಿಸಬೇಕಾದ್ದನ್ನು ಬರೆದುಕೊಟ್ಟೆವು. ಇಪ್ಪತ್ತರ ಹರೆಯದಲ್ಲಿ ಅಡಿಕೆ ಮರದಿಂದ ಬಿದ್ದಿದ್ದರು, ಕೆಲ ನಿಮಿಷ ಪ್ರಜ್ಞೆ ತಪ್ಪಿತ್ತು, ತೊಡೆಗೆ ರಾಡ್ ಹಾಕಿದೆ. ತೊಡೆಯ ರಾಡಿನಿಂದ ತೊಂದರೆಯಿಲ್ಲ. ತೊಂದರೆ ತಲೆ, ಕುತ್ತಿಗೆಯ ಸುತ್ತಲಿನ ಲೋಹದ್ದು: ಕಿವಿಯೊಳಗಿನ ಕಾಕ್ಲಿಯರ್ ಯಂತ್ರ, ಮೆದುಳಿನ ರಕ್ತನಾಳದ ಕ್ಲಿಪ್, ವೆಲ್ಡಿಂಗ್ ಮಾಡುವವರ ಕಣ್ಣಿಗೆ ಸಿಡಿದ ಚೂರು. ಪೇಸ್‌ಮೇಕರ್ ಇದ್ದವರು ಮೊದಲೇ ಹೇಳಬೇಕು. ಹಲ್ಲಿಗೆ ತುಂಬಿದ ಸಿಮೆಂಟ್ ಅಡ್ಡಿಯಲ್ಲ. ತಲೆಗೆ ಬಿದ್ದ ಹಳೆಯ ಪೆಟ್ಟಿನ ವಿಷಯ ಮಾತ್ರ ಬಿಡಬಾರದು; ಆಮೇಲೆ ಫಿಟ್ಸ್ ಬಂದಿಲ್ಲವೆಂಬುದನ್ನು ಖಚಿತಪಡಿಸಿಕೊಂಡೇ ವೈದ್ಯರು ಒಪ್ಪಿದರು. ಮಿತಿಮೀರಿದ ಉತ್ಸಾಹ, ನಿದ್ದೆಯೇ ಬೇಡವೆನಿಸುವ ದಿನಗಳು ಹಿಂದೆಂದಾದರೂ ಇದ್ದವೇ ಎಂದೂ ಕೇಳುತ್ತಾರೆ, ಖಿನ್ನತೆ, ಅತಿ ಉತ್ಸಾಹ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆ ಇದ್ದವರಲ್ಲಿ ಮನಸ್ಸು ಆ ಕಡೆ ಹೊರಳಬಹುದು.

ನಿಜವಾದ ತೊಡಕು ಬಸ್ಸಿನದು. ವಾರಕ್ಕೆ ಐದು ದಿನದಂತೆ ಆರು ವಾರ, ಒಟ್ಟು 30 ಸಲ. ಶಿರಸಿಯಿಂದ ಹುಬ್ಬಳ್ಳಿ ನೂರು ಕಿ.ಮೀ. ಆಸುಪಾಸು. ನಸುಕಿನ ಬಸ್ಸಿಗೆ ಹೋಗಿ ಸಂಜೆ ಮರಳುತ್ತೇನೆ ಎಂದರು. ಬೇಡವೆಂದೆವು. ನಾಲ್ಕಕ್ಕೆ ಏಳುವವನಿಗೆ ನಿದ್ರೆ ಕಡಿಮೆ, ನಿದ್ರೆಗೆಟ್ಟ ಮೆದುಳಿಗೆ ಫಿಟ್ಸ್ ಸುಲಭ. ಆ ಅಪಾಯ ಸಾಮಾನ್ಯವಾಗಿ ಸಾವಿರಕ್ಕೊಬ್ಬರಿಗಿಂತ ಕಡಿಮೆ. ಅದನ್ನು ಕೈಯಾರೆ ಏರಿಸಿಕೊಳ್ಳುವುದೇಕೆ? ಸೋಮವಾರದಿಂದ ಶುಕ್ರವಾರ ಹುಬ್ಬಳ್ಳಿಯ ನೆಂಟರ ಮನೆಯಲ್ಲಿ ಉಳಿಯುವುದೆಂದಾಯಿತು. ಅಡಿಕೆ ಗೊನೆಗಳ ಕೊಯ್ಲು ಬಿರುಸಾಗುವ ಮೊದಲೇ ಮುಗಿಯಲೆಂದು ಅಕ್ಟೋಬರ್ ಆರಂಭಕ್ಕೇ ದಿನ ಹಿಡಿದರು. ಖರ್ಚನ್ನು ಒಟ್ಟು ಮೊತ್ತವಾಗಿ ಬರೆಸಿಕೊಳ್ಳಿ, ವಿಮೆಯಿದ್ದರೆ ಮೊದಲೇ ಲಿಖಿತವಾಗಿ ಕೇಳಿ ಎಂದೂ ಹೇಳಲಾಗಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋರೋಗಕ್ಕೂ ದೇಹದ ರೋಗದಂತೆಯೇ ವಿಮೆ ಇರಬೇಕೆನ್ನುತ್ತದೆ, ಆದರೆ ಆಸ್ಪತ್ರೆಗೆ ಸೇರದೆ ಪಡೆವ ಚಿಕಿತ್ಸೆಗೆ ಬಹಳಷ್ಟು ಪಾಲಿಸಿಗಳು ಕೊಡುವುದಿಲ್ಲ.

ಮೊದಲ ದಿನ ಅಳತೆಗೇ ಹೋಗುತ್ತದೆ. ಬಲಗೈ ಹೆಬ್ಬೆರಳು ಹತ್ತು ಸಲದಲ್ಲಿ ಐದು ಸಲ ಮಿಡಿಯಲು ಬೇಕಾದ ಕನಿಷ್ಠ ಬಲವೇ ಆ ರೋಗಿಯ ಅಳತೆಗೋಲು. ಚಿಕಿತ್ಸೆ ಅದರ 120 ಶೇಕಡಾದಲ್ಲಿ, ಎಡ ಹಣೆಯ ಮೇಲ್ಭಾಗಕ್ಕೆ. ಹಳೆಯ ಕ್ರಮದಲ್ಲಿ ಸೆಕೆಂಡಿಗೆ 10ರಂತೆ ನಾಲ್ಕು ಸೆಕೆಂಡ್ ಮಿಡಿತ, 26 ಸೆಕೆಂಡ್ ಬಿಡುವು, 3000 ಮಿಡಿತಕ್ಕೆ 37 ನಿಮಿಷದ ಮೇಲೆ. ಥೀಟಾ ಬರ್ಸ್ಟ್ ಎಂಬ ಹೊಸ ಕ್ರಮದಲ್ಲಿ 600 ಮಿಡಿತ ಮೂರು ನಿಮಿಷ ಚಿಲ್ಲರೆಯಲ್ಲಿ ಮುಗಿಯುತ್ತದೆ. 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅದು ಹಳೆಯದಕ್ಕಿಂತ ಕಡಿಮೆಯೇನಲ್ಲ ಎಂದು ತೋರಿತು. ಇವರಿಗೆ ಕೊಟ್ಟದ್ದು ಹಳೆಯ ಕ್ರಮ. ಟಕಟಕ ಸದ್ದು ಜೋರು, ಕಿವಿಗೆ ಬೆಣೆ ಕಡ್ಡಾಯ. ತಲೆಚರ್ಮಕ್ಕೆ ಮರಕುಟಿಗ ಕುಟ್ಟಿದಂತಾಗುತ್ತದೆ, ಮೊದಲ ವಾರ ತಲೆನೋವು ಸಾಮಾನ್ಯ. ನೋವೆಂದರೆ ಬಲ ತಗ್ಗಿಸಿ ದಿನದಿನ ಏರಿಸುತ್ತಾರೆ. ಹೇಳದೆ ತಲೆ ಸರಿಸಿದರೆ ಸುರುಳಿ ಜಾಗ ತಪ್ಪಿ ಆ ದಿನ ವ್ಯರ್ಥ. ಗುರುತು ಹಾಕಿದ ಟೋಪಿ ದಿನವೂ ಅದೇ ಜಾಗಕ್ಕೆ ಕೂರುತ್ತಿದೆಯೇ ಎಂದು ಕೇಳಲು ಸಂಕೋಚ ಬೇಡ.

ಹತ್ತನೆಯ ದಿನ ಖಿನ್ನತೆಯ ಅಂಕ 19. "ಏನೂ ಆಗಲಿಲ್ಲ, ವಾಪಸ್ ಬರ್ತೇನೆ" ಎಂದು ಫೋನು. ಅರ್ಧದಲ್ಲಿ ಬಿಡುವವರು ಬಿಡುವುದು ಇಲ್ಲೇ. ನಿದ್ದೆ, ಹಸಿವು ಬದಲಾಗಿದೆಯೇ ಎಂದು ಹೆಂಡತಿಯನ್ನು ಕೇಳಿದಾಗ, ಈಗ ಐದರವರೆಗೆ ಮಲಗುತ್ತಾರೆ ಎಂದರು. ರೋಗಿಗಿಂತ ಮೊದಲು ಮನೆಯವರಿಗೆ ಕಾಣುವುದು ಇದೇ. ದೀಪಾವಳಿಗೆ ತಪ್ಪಿದ ಎರಡು ದಿನವನ್ನು ಕೊನೆಗೆ ಸೇರಿಸಿದರು. ಇಪ್ಪತ್ತನೆಯ ದಿನ ಅಂಕ 13, ಮೂವತ್ತನೆಯ ದಿನ 9. ಆತಂಕದ ಅಂಕವೂ 9ಕ್ಕೇ ಬಂತು. ಆತಂಕ ಇಳಿದದ್ದು ಖಿನ್ನತೆಯ ಜೊತೆಗೆ. ಆತಂಕವೊಂದೇ ಇದ್ದವರಿಗೆ ಟಿಎಂಎಸ್‌ನ ಆಧಾರ ಇನ್ನೂ ತೆಳು, ಅವರು ಮೊದಲು ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಕೇಳುವುದು ಒಳ್ಳೆಯದು.

ಖಿನ್ನತೆಯ ಅಂಕ ಅರ್ಧಕ್ಕಿಂತ ಹೆಚ್ಚು ಇಳಿಯಿತು, ಆದರೆ 5ರ ಕೆಳಗೆ ಬಂದಿಲ್ಲ; ಪೂರ್ತಿ ಗುಣವೆನ್ನಲಾಗದು. ಆದ್ದರಿಂದ ವೆನ್ಲಾಫ್ಯಾಕ್ಸಿನ್ ಮುಂದುವರಿದಿದೆ, ಕ್ಲೋನಜೆಪಾಮ್ ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಯುತ್ತಿದೆ. ಎರಡು ವಾರಕ್ಕೊಮ್ಮೆ ಇಲ್ಲಿಗೆ ಬರುತ್ತಾರೆ. ಬೆಳಗ್ಗೆ ಎಂಟರೊಳಗೆ ತೋಟದ ಒಂದು ಸಾಲು ನೋಡಿ ಬರುವುದು, ಸೊಸೈಟಿ ಸಾಲದ ಕಾಗದವನ್ನು ಒಬ್ಬರೇ ಬಿಚ್ಚದಿರುವುದು ಸದ್ಯದ ಒಪ್ಪಂದ. ಮರುಕಳಿಸಿದರೆ ಮತ್ತೆ ಕೆಲವು ಸಲ ಟಿಎಂಎಸ್ ಕೊಡಿಸಬಹುದು. ಅದನ್ನು ಮೊದಲೇ ಹಿಡಿಯಲೆಂದು ಹೆಂಡತಿ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ: ಮೂರಕ್ಕೆ ಎಚ್ಚರವಾದ ದಿನ, ತೋಟಕ್ಕಿಳಿಯದ ದಿನ, ಬಂದವರಿಗೆ ಕವಳ ಕೊಡದ ದಿನ. ಒಂದೇ ವಾರದಲ್ಲಿ ಇಂಥ ಐದು ಗುರುತು ಬಿದ್ದರೆ ಮುಂದಿನ ಭೇಟಿಗೆ ಕಾಯದೆ ಫೋನು ಮಾಡಬೇಕು.