ಪ್ರತಿಕ್ರಿಯೆ: ಮರ ಕಡಿದವನ ಪೂರ್ತಿ ಹೆಸರು ಗೊತ್ತಿಲ್ಲದೆ ದಾವೆ ಹೂಡಬಹುದಾ?

ಸರ್, ಸೋಮವಾರಪೇಟೆ ಹತ್ತಿರದ ನಿಮ್ಮ ತೋಟದಿಂದ ರಾತ್ರೋರಾತ್ರಿ ಸಿಲ್ವರ್ ಓಕ್ ಮರ ಕಡಿದು ಪಿಕಪ್‌ನಲ್ಲಿ ಸಾಗಿಸಿದ್ದಾರೆ, ನಿಮಗೆ ಸಿಕ್ಕಿರುವುದು ‘ಮಣಿ’ ಅನ್ನೋ ಹೆಸರು, ಗಾಡಿ ನಂಬರಿನ ಕೊನೆಯ 4 ಅಂಕಿ ಮಾತ್ರ ಅಂದಿದ್ದೀರಿ. ಓದಿ ಹೊಟ್ಟೆ ಉರಿಯಿತು. ಮರದ ಜೊತೆ ಅದಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯೂ ಹೋಯಿತಲ್ಲ.

ದಾವೆ ಹೂಡಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 1ನೇ ನಿಯಮ ಪ್ರತಿವಾದಿಯ ಹೆಸರು, ವಾಸಸ್ಥಳವನ್ನು ತಿಳಿಯಲು ಸಾಧ್ಯವಾದಷ್ಟು ಕೊಡಿ ಅನ್ನುತ್ತದೆ. ಆದರೆ ಸಮನ್ಸ್ ಯಾರ ಮನೆಗೆ ಹೋಗಬೇಕು? ಕೇಸು ಅಲ್ಲೇ ನಿಂತುಬಿಡುತ್ತದೆ. ಅದಕ್ಕೇ ಮೊದಲು ಠಾಣೆಗೆ ಹೋಗಿ ಅಪರಿಚಿತರ ಮೇಲೆ ಎಫ್‌ಐಆರ್ ಮಾಡಿಸಿ, ಅದಕ್ಕೆ ಆರೋಪಿಯ ಹೆಸರು ಬೇಕಿಲ್ಲ. ಗಾಡಿ ಯಾರದ್ದು ಅಂತ ಪೊಲೀಸರು ಆರ್‌ಟಿಒ ದಾಖಲೆಯಲ್ಲಿ ಹುಡುಕಬಹುದು.

ಇವತ್ತೇ ಉಳಿದ ಬುಡಗಳಿಗೆ ಟೇಪ್ ಸುತ್ತಿ, ಅಳತೆ ಕಾಣುವ ಹಾಗೆ ಫೋಟೋ ತೆಗೆಯಿರಿ. ಗೇಟಿನ ಹತ್ತಿರ ಕೆಸರಲ್ಲಿರುವ ಟೈರಿನ ಗುರುತನ್ನೂ ಬಿಡಬೇಡಿ. ನಮ್ಮ ಕೊಡಗಿನಲ್ಲಿ ಒಂದು ಮಳೆ ಸಾಕು, ಎಲ್ಲ ತೊಳೆದುಹೋಗುತ್ತದೆ.

ಜಾಗಕ್ಕೆ ಅತಿಕ್ರಮವಾಗಿ ನುಗ್ಗಿದ್ದಕ್ಕೆ ಪರಿಹಾರ ಕೇಳಲು 3 ವರ್ಷದ ಕಾಲಮಿತಿ ಇದೆ. ಆಮೇಲೆ ಸಿಕ್ಕವನನ್ನು ದಾವೆಗೆ ಸೇರಿಸಬಹುದು, ಆದರೆ ಅವನ ಮಟ್ಟಿಗೆ ಸಾಮಾನ್ಯವಾಗಿ ಸೇರಿಸಿದ ದಿನವೇ ದಾವೆ ಹೂಡಿದ ದಿನ ಅಂತ ಲೆಕ್ಕಕ್ಕೆ ಬರುತ್ತದೆ. ದಯವಿಟ್ಟು ಕೊನೇ ತಿಂಗಳವರೆಗೆ ಕಾಯಬೇಡಿ.