ರಾಜೀನಾಮೆ ನಿಮ್ಮದು, ಮೂರನೆಯ ಪ್ಯಾರಾ ನಿಮ್ಮದಲ್ಲ

ಸೇನಾ ತರಬೇತಿ ಅಕಾಡೆಮಿಯೊಂದರಿಂದ ಬಂದ ಈ ಪತ್ರವನ್ನು ಓದಿದ ಮೇಲೆ, ಉಳಿದ ಪತ್ರಗಳನ್ನು ಬದಿಗಿಟ್ಟು ಮೊದಲು ಇದಕ್ಕೇ ಉತ್ತರಿಸಬೇಕೆನಿಸಿತು. ಬರೆದವರು ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರ ಯುವಕ. ತಂದೆ ನಿವೃತ್ತ ಹವಾಲ್ದಾರ್. ಊರಿನಿಂದ ಸೇನಾಧಿಕಾರಿಯಾಗುವ ಮೊದಲಿಗನೆಂದು ಗ್ರಾಮಸ್ಥರು ಹಾರ ಹಾಕಿ ಕಳುಹಿಸಿಕೊಟ್ಟಿದ್ದಾರೆ. ತಾನು ಸಲಿಂಗಿ ಎಂಬುದು ಅವರಿಗೆ ಹೈಸ್ಕೂಲಿನಿಂದಲೇ ತಿಳಿದಿದೆ. ಕೋರ್ಸ್‌ಮೇಟ್‌ಗಳು ಕೇಳಿದಾಗಲೆಲ್ಲ ಧಾರವಾಡದಲ್ಲಿ ಓದುತ್ತಿರುವ ಹುಡುಗಿಯೊಬ್ಬಳ ಕಥೆ ಕಟ್ಟಿ ಹೇಳುತ್ತಾರೆ. ಆಕೆಗೊಂದು ಹೆಸರಿಟ್ಟಿದ್ದಾರೆ, ಮರೆತು ಬೇರೆ ಬೇರೆ ಹೇಳಬಾರದೆಂದು ಆಕೆಯ ಹುಟ್ಟಿದ ದಿನವನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದಾರೆ. ಈ ಬದುಕು ಸಾಕಾಗಿ, ರಾಜೀನಾಮೆ ಕೊಟ್ಟು, ಕಾರಣವನ್ನು ಬಹಿರಂಗ ಪತ್ರದ ಮೂಲಕ ಎಲ್ಲರಿಗೂ ತಿಳಿಸಲು ನಿರ್ಧರಿಸಿದ್ದಾರೆ. ಪತ್ರವನ್ನು ತಿದ್ದಿಕೊಟ್ಟವನು ಬೆಂಗಳೂರಿನಲ್ಲಿರುವ ಕಾಕಾನ ಮಗ, ಅದನ್ನು ಪ್ರಕಟಿಸುವ ಹೊಣೆಯನ್ನೂ ಅವನೇ ಹೊತ್ತಿದ್ದಾನೆ. ‘ನಾನು ಮಾಡುತ್ತಿರುವುದು ಸರಿಯೇ?’ ಎಂಬುದು ಇವರ ಪ್ರಶ್ನೆ.

ಬಿಟ್ಟು ಬರುವ ನಿಮ್ಮ ನಿರ್ಧಾರವನ್ನು ನಾನು ಪ್ರಶ್ನಿಸುವುದಿಲ್ಲ. ಇಲ್ಲದ ಹುಡುಗಿಯ ಹುಟ್ಟುಹಬ್ಬವನ್ನು ನೆನಪಿಟ್ಟುಕೊಳ್ಳಬೇಕಾದ ಒಂಟಿತನ ಎಂಥದೆಂಬುದು ಆ ನೋಟ್‌ಬುಕ್ಕಿನ ಪುಟದಿಂದಲೇ ನನಗೆ ಅರ್ಥವಾಯಿತು. ನೀವು ಮಾದರಿಯೆಂದು ಹೆಸರಿಸಿರುವ ಕ್ಯಾಥರೀನ್ ಮಿಲ್ಲರ್ ಕೂಡ ಇಂಥದೇ ಕಥೆಗಳನ್ನು ಕಟ್ಟಬೇಕಾಗಿ ಬಂದವರು. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ, ಸಾವಿರಕ್ಕೂ ಹೆಚ್ಚು ಕೆಡೆಟ್‌ಗಳಿದ್ದ ತಂಡದಲ್ಲಿ ಒಂಬತ್ತನೆಯ ಸ್ಥಾನದಲ್ಲಿದ್ದ ಅವರು 2010ರ ಆಗಸ್ಟ್‌ನಲ್ಲಿ ರಾಜೀನಾಮೆ ನೀಡಿದರು. ಕೆಡೆಟ್ ಸುಳ್ಳು ಹೇಳಬಾರದು ಎಂಬುದು ಅಲ್ಲಿನ ಗೌರವ ಸಂಹಿತೆ. ಸಲಿಂಗಿಗಳು ಬಾಯಿ ಮುಚ್ಚಿಕೊಂಡಿದ್ದರೆ ಮಾತ್ರ ಸೇವೆಯಲ್ಲಿರಬಹುದು ಎಂಬುದು 1993ರಲ್ಲಿ ಬಂದ ಸರ್ಕಾರದ ನೀತಿ. ಎರಡನ್ನೂ ಒಟ್ಟಿಗೆ ಪಾಲಿಸಲು ಸಾಧ್ಯವಿಲ್ಲವೆಂದು ಅವರು ನೇರವಾಗಿ ಹೇಳಿ ಹೊರಬಂದು ಯೇಲ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆ ನೀತಿಯನ್ನು ರದ್ದುಪಡಿಸುವ ಕಾಯಿದೆಗೆ ಅಧ್ಯಕ್ಷರ ಸಹಿ ಬಿತ್ತು, 2011ರ ಸೆಪ್ಟೆಂಬರ್ 20ರಂದು ಅದು ಜಾರಿಗೆ ಬಂತು. ಆದರೆ ಮಿಲ್ಲರ್ ಬರೆದದ್ದು ತಮ್ಮ ಸುಳ್ಳುಗಳ ಬಗ್ಗೆ, ತಮ್ಮ ಆತ್ಮಸಾಕ್ಷಿಯ ಬಗ್ಗೆ.

ಈಗ ನಿಮ್ಮ ಬಹಿರಂಗ ಪತ್ರದ ಮೂರನೆಯ ಪ್ಯಾರಾಕ್ಕೆ ಬರುತ್ತೇನೆ. ಅದಿರುವುದು ಅಕಾಡೆಮಿಯಲ್ಲಿ ನಿಮ್ಮ ಜೊತೆಗಿರುವ, ನಿಮ್ಮಂತೆಯೇ ಸಲಿಂಗಿಯಾದ ಗೆಳೆಯನ ಕುರಿತು. ಅದರ ಬಗ್ಗೆ ನೀವು ನನಗೆ ಬರೆದಿರುವುದು ಒಂದೇ ವಾಕ್ಯ: ‘ಅದರಲ್ಲಿ ನನ್ನ ಗೆಳೆಯನ ಹೆಸರಿಲ್ಲ, ಆದ್ದರಿಂದ ತೊಂದರೆಯಿಲ್ಲ.’ ಹೆಸರಿಲ್ಲ, ನಿಜ. ಆದರೆ ಅವನು ನಿಮ್ಮ ಹಾಕಿ ತಂಡದ ಗೋಲ್‌ಕೀಪರ್ ಎಂದಿದೆ, ಯಾವ ಜಿಲ್ಲೆಯವನು ಎಂದಿದೆ, ಕಳೆದ ರಜೆಯಲ್ಲಿ ಅವನ ಅಕ್ಕನ ಮದುವೆಗೆ ನೀವು ಹೋಗಿದ್ದಿರಿ ಎಂದೂ ಇದೆ. (ಈ ಗುರುತುಗಳನ್ನು ನಾನಿಲ್ಲಿ ಬದಲಿಸಿದ್ದೇನೆ.) ಒಂದು ತಂಡಕ್ಕೆ ಎಷ್ಟು ಮಂದಿ ಗೋಲ್‌ಕೀಪರ್‌ಗಳಿರುತ್ತಾರೆ? ಪತ್ರ ಬೆಳಿಗ್ಗೆ ಪ್ರಕಟವಾದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮೆಸ್ಸಿನಲ್ಲಿ ಅವನು ಯಾರೆಂಬುದು ಎಲ್ಲರಿಗೂ ಗೊತ್ತಾಗಿರುತ್ತದೆ. ಅಷ್ಟರಲ್ಲಿ ನೀವು ರೈಲಿನಲ್ಲಿ ಊರಿನತ್ತ ಹೊರಟಿರುತ್ತೀರಿ, ಅವನು ಅದೇ ಬ್ಯಾರಕ್ಕಿನಲ್ಲಿ ಉಳಿದಿರುತ್ತಾನೆ. ಅವನಿಗೆ ಬಿಟ್ಟು ಬರುವ ಮನಸ್ಸಿಲ್ಲವೆಂದು ನೀವೇ ಬರೆದಿದ್ದೀರಿ.

ಒಬ್ಬರ ಗುಟ್ಟು ಇನ್ನೊಬ್ಬರ ಮೂಲಕ ಹೊರಬಿದ್ದರೆ ಏನಾಗುತ್ತದೆ ಎಂಬುದಕ್ಕೂ ಅಮೆರಿಕದಲ್ಲೇ ಉದಾಹರಣೆಯಿದೆ. ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ ಜೋಸೆಫ್ ಸ್ಟೆಫನ್ ಎಂಬ ಪ್ರತಿಭಾವಂತ ಕೆಡೆಟ್ ತಾನು ಸಲಿಂಗಿಯೆಂದು ಇಬ್ಬರು ಸಹಪಾಠಿಗಳಲ್ಲಿ ಹೇಳಿಕೊಂಡಿದ್ದರು. ಆ ಮಾತು ಮೇಲಧಿಕಾರಿಗಳ ಕಿವಿಗೆ ಬಿದ್ದು ವಿಚಾರಣೆ ನಡೆಯಿತು. ಅವರು ಸುಳ್ಳು ಹೇಳಲಿಲ್ಲ. 1987ರಲ್ಲಿ, ಪದವಿಗೆ ಕೆಲವೇ ವಾರಗಳಿದ್ದಾಗ ರಾಜೀನಾಮೆ ಕೊಟ್ಟು ಹೊರಬರಬೇಕಾಯಿತು. ನ್ಯಾಯಾಲಯಕ್ಕೆ ಹೋದರೂ 1994ರಲ್ಲಿ ತೀರ್ಪು ಅವರ ವಿರುದ್ಧವಾಗಿಯೇ ಬಂತು. ಇಬ್ಬರು ಗೆಳೆಯರಿಗೆ ಹೇಳಿದ ಮಾತಿಗೆ ಇಷ್ಟಾದರೆ, ನೀವು ದೇಶಕ್ಕೇ ಹೇಳಹೊರಟಿರುವ ಮಾತಿನಿಂದ ಆ ಗೋಲ್‌ಕೀಪರ್‌ಗೆ ಏನಾಗಬಹುದು ಎಂಬುದನ್ನು ಯೋಚಿಸಿ. 2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಹೇಳಿದ್ದರೂ, ಅದಕ್ಕೆ ಸೈನ್ಯದಲ್ಲಿ ಅವಕಾಶ ಕೊಡಲಾಗದೆಂದು ಕೆಲವೇ ತಿಂಗಳಲ್ಲಿ, 2019ರ ಜನವರಿಯಲ್ಲಿ, ಅಂದಿನ ಭೂಸೇನಾ ಮುಖ್ಯಸ್ಥ ಬಿಪಿನ್ ರಾವತ್ ಪತ್ರಕರ್ತರ ಮುಂದೆ ಹೇಳಿದರು. ಸಶಸ್ತ್ರ ಪಡೆಗಳಲ್ಲಿರುವವರ ಮೂಲಭೂತ ಹಕ್ಕುಗಳಿಗೆ ಮಿತಿ ಹಾಕಲು ಸಂವಿಧಾನದ 33ನೆಯ ವಿಧಿಯೇ ಸಂಸತ್ತಿಗೆ ಅಧಿಕಾರ ಕೊಟ್ಟಿದೆ. ನಿಮ್ಮ ಗೆಳೆಯ ಉಳಿಯಬಯಸಿರುವುದು ಇಂಥ ವ್ಯವಸ್ಥೆಯಲ್ಲಿ. ಅದು ಹೇಡಿತನವಲ್ಲ, ಅವನ ಆಯ್ಕೆ.

ನನ್ನ ಸಿಟ್ಟೆಲ್ಲ ನಿಮ್ಮ ಕಾಕಾನ ಮಗನ ಮೇಲೆ. ‘ಆ ಪ್ಯಾರಾ ತೆಗೆದರೆ ಪತ್ರ ಸಪ್ಪೆಯಾಗುತ್ತದೆ’ ಎಂದನಂತೆ. ಅವನು ಕಳೆದುಕೊಳ್ಳುವುದು ಏನೂ ಇಲ್ಲ, ಕೆಲಸ, ಮನೆ, ಸ್ನೇಹಿತರು ಎಲ್ಲವೂ ಅವನಿಗೆ ಭದ್ರವಾಗಿವೆ. ಪರರ ನೋವಿಗೆ ಉಪ್ಪುಖಾರ ಹಚ್ಚಿ ಬಡಿಸುವ ಇಂಥ ಹಿತೈಷಿಗಳ ಬಗ್ಗೆ ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ. ನಿಮ್ಮ ಪತ್ರವನ್ನು ಯಾವಾಗ, ಎಲ್ಲಿ ಪ್ರಕಟಿಸಬೇಕು ಎಂಬ ತೀರ್ಮಾನ ಇನ್ನೊಬ್ಬರ ಕೈಯಲ್ಲಿ ಇರಲೇಬಾರದು.

ನಾನು ಪದೇ ಪದೇ ಹೇಳುವ ಇನ್ನೊಂದು ಮಾತು: ಮನೆಯ ಸುದ್ದಿ ಮನೆಯವರಿಗೆ ಪರರಿಂದ ತಿಳಿಯಬಾರದು. ಅವ್ವ ಅಳಬಹುದು, ಅಪ್ಪ ವಾರಗಟ್ಟಲೆ ಮಾತು ಬಿಡಬಹುದು. ಆದರೂ ನಿಮ್ಮ ಬಾಯಿಂದ ಕೇಳುವ ಹಕ್ಕು ಅವರಿಗಿದೆ. ಇದರಲ್ಲಿ ವ್ಯಾವಹಾರಿಕ ಸಂಗತಿಯೂ ಒಂದಿದೆ. ನೀವು ಸೇರುವಾಗ ಬಾಂಡ್‌ಗೆ ಸಹಿ ಹಾಕಿದವರು ನಿಮ್ಮ ತಂದೆ. ಸ್ವಇಚ್ಛೆಯಿಂದ ತರಬೇತಿ ಬಿಟ್ಟರೆ ಅದರ ವೆಚ್ಚವನ್ನು ಅವರಿಂದ ಕೇಳಬಹುದು. ಹವಾಲ್ದಾರ್ ಪಿಂಚಣಿಯಲ್ಲಿ ಬದುಕುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಆದ್ದರಿಂದ ರಾಜೀನಾಮೆಗೆ ಮುನ್ನ ಆ ಬಾಂಡ್‌ನ ಪ್ರತಿಯನ್ನು ಸೇನಾ ವಿಷಯ ಬಲ್ಲ ವಕೀಲರೊಬ್ಬರಿಗೆ ತೋರಿಸಿ. ಮಿಲ್ಲರ್ ಹೊರಬಂದದ್ದು ಎರಡು ವರ್ಷ ಮುಗಿಸಿ, ಮೂರನೆಯ ವರ್ಷ ಶುರುವಾದರೆ ಬೀಳುವ ಸೇನಾ ಸೇವೆಯ ಬದ್ಧತೆಗೆ ಒಳಗಾಗುವ ಮೊದಲು ಎಂಬುದನ್ನೂ ಗಮನಿಸಿ.

ರಾಜೀನಾಮೆ ಯಾವಾಗ ಕೊಡಬೇಕು, ಪತ್ರ ಪ್ರಕಟಿಸಬೇಕೇ ಬೇಡವೇ ಎಂಬುದನ್ನು ನೀವೇ ನಿರ್ಧರಿಸಿ. ನನ್ನ ಸೂಚನೆ ಒಂದೇ. ಈ ಭಾನುವಾರ ಫೋನ್ ಕೈಗೆ ಸಿಕ್ಕಿದ ಕೂಡಲೇ ಮೂರನೆಯ ಪ್ಯಾರಾವನ್ನು ಪೂರ್ತಿಯಾಗಿ ಅಳಿಸಿ, ಕಾಕಾನ ಮಗನ ಬಳಿಯಿರುವ ಪ್ರತಿಯನ್ನೂ ಅಳಿಸಿಹಾಕುವಂತೆ ಹೇಳಿ, ಅಳಿಸಿದ್ದಾನೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಉಳಿದ ಪತ್ರವನ್ನು ನಿಮ್ಮ ಗೆಳೆಯನಿಗೆ ಓದಲು ಕೊಡಿ. ಅದರಲ್ಲಿ ಇನ್ನೂ ಎಲ್ಲಾದರೂ ತನ್ನ ಗುರುತು ಸಿಗುತ್ತದೆಂದು ಅವನು ತೋರಿಸಿದರೆ ವಾದಿಸದೆ ಆ ಸಾಲನ್ನೂ ತೆಗೆದುಹಾಕಿ.